ಕಾಕಾನ ಕನಸು ಕಾರಿನ ಪರದೆಗೆ

ನಂಬಿದರೆ ನಂಬಿ, ಇದು ನಡೆದದ್ದೇ. ಫೋನುಗಳು ನಮ್ಮ ಕನಸನ್ನೂ ಚಿತ್ರವಾಗಿ ಹಿಡಿಯತೊಡಗಿ ವರ್ಷಗಳಾಗಿದ್ದವು. ಗುರುಪಾದ ಕಾಕಾನ ಹಳೆಯ ಎಲೆಕ್ಟ್ರಿಕ್ ಕಾರಿಗೆ ಮಾತ್ರ ಫೋನಿನಲ್ಲಿದ್ದದ್ದನ್ನು ಪರದೆಗೆ ತರುವ ಸೌಕರ್ಯವಿರಲಿಲ್ಲ. ನಾನೇ ಬಜಾರಿನಿಂದ ವೈರಿಲ್ಲದ ಅಡಾಪ್ಟರ್ ತಂದು ಗುಟ್ಟಾಗಿ ಸಿಕ್ಕಿಸಿದೆ.

ಅಂದು ಕಾಕಾನ ಮಗಳನ್ನು ನೋಡಲು ಗಂಡಿನ ಅಪ್ಪ-ಅಮ್ಮ ಬಂದಿದ್ದರು. ನಿಲ್ದಾಣದಿಂದ ಮನೆಗೆ ಕರೆತರಲು ಅವರನ್ನು ಹಿಂದಿನ ಸೀಟಿನಲ್ಲಿ ಕೂರಿಸಿ, "ಗಂಭೀರ ಇರಬೇಕಲೇ, ಸಂಬಂಧ ತಪ್ಪೀತು," ಎಂದು ನನ್ನ ಕಿವಿಯಲ್ಲಿ ಹೇಳಿದ ಕಾಕಾ, ಕಾರು ತಾನೇ ಓಡತೊಡಗಿದ ಮೇಲೆ ಗಂಭೀರವಾಗಿಯೇ ನಿದ್ದೆಹೋದ.

ನಾನು ಅವನ ಶಾಲೆಯ ನಾಟಕದ ಮಾಸ್ತರರ ದನಿ ತೆಗೆದು ಅವನ ಕಿವಿಯಲ್ಲಿ ಪಿಸುಗುಟ್ಟಿದೆ: "ಗುರ್ಯಾ, ನಿನ್ನ ಪಾಳಿ ಬಂತು. ಹೆಜ್ಜಿ ಹಾಕು!"

ಪರದೆ ಬೆಳಗಿತು. ನಸುನೀಲಿ ನೀರಿನ ಮೇಲೆ ನಮ್ಮ ಮೀಸೆಯ ಕಾಕಾ, ಶಾಲೆಯ ನಾಟಕದ ಉದ್ದ ಜಡೆಯ ರಾಣಿಯಾಗಿ, ತೇಲಿ ತೇಲಿ ಕುಣಿಯುತ್ತಿದ್ದ. ಮೋಡಗಳು ತಾಳ ಹಾಕುತ್ತಿದ್ದವು.

ಕಾಕಾ ಕಣ್ಣುಬಿಟ್ಟ. ಅರೆನಿದ್ದೆಯ ಕನಸು ಇನ್ನೂ ಪರದೆಯಲ್ಲಿತ್ತು. ಗಾಬರಿಯಿಂದ ಪರದೆ ಆರಿಸಲು ಕೈ ಚಾಚಿದ.

"ಬಂದ್ ಮಾಡಬ್ಯಾಡ್ರೀ," ಎಂದರು ಗಂಡಿನ ತಾಯಿ. "ಇಂಥಾ ಕುಣಿದು ನಗಿಸೋ ಮನಿ ಹುಡುಗೀನ ನಮಗ ಬೇಕು."

ಪರದೆಯ ರಾಣಿ ನಾಚಿ ಸೆರಗಿನಲ್ಲಿ ಮೀಸೆ ಮುಚ್ಚಿಕೊಂಡಳು. ಎಲ್ಲರೂ ನಕ್ಕರು. ಕಾರು ನಡುಗುವಷ್ಟು ಜೋರಾಗಿ ನಕ್ಕವನು ಕಾಕಾ.