ಅವಳ ಪಾಲಿಗೆ ಬಂದ ಚೀಟಿ

ಚಪ್ಪಾಳೆ ಇನ್ನೂ ನಿಂತಿರಲಿಲ್ಲ, ಅವಳ ಜೇಬಿನಲ್ಲಿ ಫೋನು ನಡುಗಿತು. ಶನಿವಾರ ನಾಲ್ಕು ಗಂಟೆ, ಜೈಲಿನಿಂದ ಅಪ್ಪ ಮಾತಾಡುವ ಹೊತ್ತು. ಗೆದ್ದ ಕಪ್ಪನ್ನು ಕಂಕುಳಲ್ಲಿ ಇರುಕಿಕೊಂಡು ಹೊರಗಿನ ಮೆಟ್ಟಿಲಿಗೆ ಓಡಿದಳು.

ಕೈದಿಗಳಿಗೂ ಮತದಾನದ ಹಕ್ಕು ಬೇಕೇ ಎಂಬುದು ಕಾನೂನು ಕಾಲೇಜಿನ ಚರ್ಚಾಕೂಟದ ಇವತ್ತಿನ ವಿಷಯ. ಹೋದ ವಾರವೇ ಅಪ್ಪನಿಗೆ ಹೇಳಿದ್ದಳು. ಆದರೆ ಪರವೋ ವಿರೋಧವೋ ಎಂಬುದನ್ನು ಕೂಟದಲ್ಲಿ ಚೀಟಿ ಎತ್ತಿಯೇ ತೀರ್ಮಾನಿಸುತ್ತಾರೆ. ಇವತ್ತು ಬೆಳಿಗ್ಗೆ ಅವಳಿಗೆ ಬಂದದ್ದು ‘ವಿರೋಧ’. ಬದಲಿಸಿಕೊಡಿ ಎಂದರೆ ಕಾರಣ ಹೇಳಬೇಕಿತ್ತು. ಆ ಕಾರಣವನ್ನು ಮೂರು ವರ್ಷದಿಂದ ಒಬ್ಬರ ಬಳಿಯೂ ಬಾಯಿಬಿಟ್ಟಿರಲಿಲ್ಲ. “ಕಾನೂನು ಮುರಿದ ಕೈಗೆ ಕಾನೂನು ಮಾಡುವವರನ್ನು ಆರಿಸುವ ಹಕ್ಕೇಕೆ?” ಎಂದು ಅವಳು ಕೇಳಿದಾಗ ಸಭೆಯೇ ಎದ್ದು ನಿಂತು ಚಪ್ಪಾಳೆ ತಟ್ಟಿತ್ತು.

“ಗೆದ್ಯೇನಮ್ಮಾ?”

“ಗೆದ್ದೆ, ಅಪ್ಪ.”

“ನಂಗೊತ್ತಿತ್ತು! ನಮ್ಮ ಪರ ಮಾತಾಡೋಕೆ ನನ್ನ ಮಗಳಿದ್ದಾಳೆ ಅಂತ ಇಲ್ಲಿ ಎಲ್ರಿಗೂ ಹೇಳಿಟ್ಟಿದ್ದೆ. ಯಾವ ಮಾತಿಗೆ ಜೋರಾಗಿ ಚಪ್ಪಾಳೆ ಬಿತ್ತೋ ಅದನ್ನೇ ಇನ್ನೊಂದ್ಸಲ ಹೇಳು, ಇವ್ರೂ ಕೇಳ್ಲಿ.”

ಆ ಕಡೆಯ ಗದ್ದಲ ಅಡಗಿತು. ಅವಳು ಕಪ್ಪನ್ನು ಮೆಟ್ಟಿಲ ಮೇಲೆ ಇಳಿಸಿಟ್ಟಳು.

“ಹೇಳು ಪುಟ್ಟೀ, ಎಲ್ರೂ ಕಾಯ್ತಿದ್ದಾರೆ.”