ಹಕ್ಕಿ ಯಾವ ಕಡಿ ಕೂತೈತಿ?

ನೂಲಿಗೆ ಹಚ್ಚುವ ಗಂಜಿಯ ಹುಳಿ ವಾಸನೆ ಬಂದರೆ ಸಾಕು, ಇವತ್ತಿಗೂ ನನಗೆ ನಮ್ಮ ನೇಕಾರರ ಊರು ಕೊರೋಚಿಯ ಆ ಮಧ್ಯಾಹ್ನ ನೆನಪಾಗುತ್ತದೆ.

ಕರೆಂಟ್ ಹೋಗಿ ಓಣಿಯ ಮಗ್ಗಗಳೆಲ್ಲ ನಿಂತಿದ್ದವು. ಕಾಲೇಜಿಗೆ ಹೋಗುತ್ತಿದ್ದ ನನ್ನ ಸೋದರತ್ತೆ ಕಿಡಕಿಯ ಹತ್ತಿರ ಕುಳಿತು ಇಂಗ್ಲಿಷ್ ಪದ್ಯ ಓದುತ್ತಿದ್ದಳು. ಜೋಳ ಹಸನು ಮಾಡುತ್ತಿದ್ದ ಅಜ್ಜಿಗೆ ಆ ದನಿಯೇ ಸೇರಲಿಲ್ಲ.

“ಏನೈತಿ ಅದರಾಗ?”

“ಪಾರಿವಾಳ ಐತವ್ವಾ. ಅವರ ಪದ್ಯದಾಗ ಪಾರಿವಾಳ ಅಂದ್ರ ಪ್ರೀತಿ. ತನ್ನ ಜೋಡಿ ಬರೂ ದಾರಿ ಕಾಯ್ತೈತಿ.”

ಶಕುನದ ಹಾಲಕ್ಕಿ ಯಾವ ದಿಕ್ಕಿಗೆ ಕೂಗಿತೆಂದು ನೋಡದೆ ಊರು ಬಿಡದ ಅಜ್ಜಿ ಮೊರ ಕೆಳಗಿಟ್ಟಳು. “ಯಾವ ಕಡಿ ಮುಖಾ ಮಾಡಿ ಕೂತೈತಿ?”

“ಪದ್ಯದಾಗ ದಿಕ್ಕು ಎಲ್ಲಿರ್ತೈತವ್ವಾ?” ಅತ್ತೆ ನಕ್ಕಳು.

ಅಜ್ಜಿ ನಗಲಿಲ್ಲ. ಎದ್ದು ಬಂದು, ಪುಸ್ತಕ ನೋಡದೆ ಕಿಡಕಿ ನೋಡಿದಳು. ಅದರ ಕಟ್ಟೆಯ ಮೇಲೆ ಜೋಳದ ಕಾಳು ಚೆಲ್ಲಿದ್ದವು. ಎದುರಿನ ಮಾಳಿಗೆಯಲ್ಲಿ ಮಗ್ಗ ರಿಪೇರಿ ಮಾಡುವ ತರುಣ ತಲೆ ಬಾಚಿಕೊಳ್ಳುತ್ತಿದ್ದ.

“ಈ ಜ್ವಾಳಾ ಯಾರಿಗೆ?”

“ಹಕ್ಕಿಗವ್ವಾ.”

ಅಜ್ಜಿ ಒಂದು ಕಾಳೂ ಬಿಡದಂತೆ ಉಡಿಗೆ ಬಳಿದುಕೊಂಡಳು.

ಮರುದಿನ ಮಧ್ಯಾಹ್ನ ಕಿಡಕಿಗೆ ಒಂದು ಹಕ್ಕಿಯೂ ಬರಲಿಲ್ಲ. ಅತ್ತೆ ಮಾತ್ರ ಅಲ್ಲೇ ನಿಂತಿದ್ದಳು, ಎದುರಿನ ಮಾಳಿಗೆಯ ಕಡೆ ಮುಖ ಮಾಡಿ.