ಮೆಟ್ಟಿಲ ತಿರುವಿನಲ್ಲಿ

ಬಟ್ಟೆ ಬೀರು ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಹಾಕಿಕೊಂಡಿತು. ಮೇಲೆ ತಮ್ಮ, ಕೆಳಗೆ ಅಕ್ಕ, ನಡುವೆ ಮರದ ಗೋಡೆಯಂತೆ ಅದು. ಹಿಂದಕ್ಕೂ ಬರದು, ಮುಂದಕ್ಕೂ ಹೋಗದು.

“ಊರಿನ ಲಿಫ್ಟೆಲ್ಲ ರಿಪೇರಿ ಮಾಡ್ತೀಯ, ಒಂದು ಬೀರು ಹತ್ತಿಸೋಕಾಗಲ್ವಾ?” ಅಕ್ಕ ಏದುಸಿರು ಬಿಟ್ಟಳು.

“ಲಿಫ್ಟು ಹೇಳಿದ ಮಾತು ಕೇಳುತ್ತೆ. ನೀನು ಎಡಕ್ಕೆ ಅಂದ್ರೆ ಬಲಕ್ಕೆ ತಳ್ತೀಯ.”

“ನಿನ್ನ ಎಡ ನನಗೆ ಬಲ ಕಣೋ!”

ಸಾಯಲು ಹೊರಟಿದ್ದ ತಮ್ಮ ಆಸ್ಪತ್ರೆಯಿಂದ ಬಂದ ದಿನವೇ ಅಮ್ಮ ಅವನ ಹಾಸಿಗೆ, ಬೀರು ಎಲ್ಲವನ್ನೂ ಮಹಡಿಯಿಂದ ಇಳಿಸಿ ತನ್ನ ಕೋಣೆಯ ಪಕ್ಕಕ್ಕೇ ಹಾಕಿಸಿದ್ದಳು. ಅಂದಿನಿಂದ ಮನೆಯಲ್ಲಿ ಪಿಸುಮಾತೇ ಮಾತು. ಚಮಚ ಬಿದ್ದರೂ ಬೆಚ್ಚುತ್ತಿದ್ದರು. ಈಗ ಮೇಲಿನ ಕೋಣೆಗೆ ಹೋಗಬಹುದೆಂದು ಡಾಕ್ಟರೇ ಹೇಳಿದ್ದರು, ಅಮ್ಮನೂ ಹೂಂಗುಟ್ಟಿದ್ದಳು. ಅಕ್ಕನ ಗಂಟಲಲ್ಲಿ ಮಾತ್ರ ಒಂದು ಪ್ರಶ್ನೆ ಉಳಿದಿತ್ತು. ಹಲ್ಲಿನ ಡಾಕ್ಟರ ಬಳಿ ಕೆಲಸ ಮಾಡುವ ಅವಳಿಗೆ, ಬಾಯಿ ತೆರೆದು ಮಲಗಿದವರನ್ನು ಏನಾದರೂ ಕೇಳಿ, ಉತ್ತರಕ್ಕೆ ಕಾಯದಿರುವುದೇ ರೂಢಿ. ಇದಕ್ಕೆ ಉತ್ತರ ಬೇಕೇ ಬೇಕಿತ್ತು. ಮುಖ ಕಾಣದ್ದರಿಂದಲೋ ಏನೋ, ಧೈರ್ಯ ಬಂತು.

“ನಿನ್ನ ಈ ಡಿಪ್ರೆಶನ್ ಕಾಯಿಲೆ ನನಗೂ ಬಂದಿತ್ತಲ್ಲ. ಅದೇ ಡಾಕ್ಟರು, ಅದೇ ಮಾತ್ರೆ. ತಲೆ ಬಾಚೋಕೂ ಏಳ್ತಿರಲಿಲ್ಲ ನಾನು. ಆದ್ರೂ ಸಾಯಬೇಕು ಅಂತ ಯಾವತ್ತೂ ಅನ್ನಿಸ್ಲಿಲ್ಲ. ನಿನಗೆ ಯಾಕೋ ಅನ್ನಿಸ್ತು?”

ತಮ್ಮ ಬೀರನ್ನು ಭುಜಕ್ಕೆ ಒರಗಿಸಿಕೊಂಡ. ಆಮೇಲೆ, “ನಿನಗೆ ಆಗ ಏನನ್ನಿಸ್ತಿತ್ತು?”

“ಸಿಟ್ಟು! ನೀವು ಬಾಗಿಲು ತಟ್ಟಿದ್ರೂ ಸಿಟ್ಟು, ತಟ್ಟದಿದ್ರೂ ಸಿಟ್ಟು. ನಾಳೆ ಹಾಳಾದ್ದು ಬಂದೇ ಬರುತ್ತೆ, ಮತ್ತೆ ಎದ್ದು ಹಲ್ಲುಜ್ಜಬೇಕಲ್ಲಾ ಅಂತ ಬೇಜಾರು.”

“ನನಗೆ ಆ ನಾಳೇನೇ ಕಾಣಿಸ್ತಿರಲಿಲ್ಲ,” ಎಂದ ತಮ್ಮ. “ನಿಮ್ಮ ಮೇಲೆ ಸಿಟ್ಟೂ ಇರಲಿಲ್ಲ. ಪಾಪ, ನನ್ನಿಂದ ಇವರಿಗೆಲ್ಲ ಗೋಳು, ನಾನಿಲ್ಲದಿದ್ರೆ ಹಾಯಾಗಿರ್ತಾರೆ ಅನ್ನಿಸ್ತಿತ್ತು. ಈಗ ಹೇಳಿದ್ರೆ ಹುಚ್ಚು ಮಾತು. ಆಗ ಅದು ಹಗಲಿನಷ್ಟು ನಿಜ.”

ಅಕ್ಕನ ಕಣ್ಣು ತುಂಬಿತು. ಒರೆಸಿಕೊಳ್ಳೋಣವೆಂದರೆ ಎರಡೂ ಕೈ ಬೀರಿನಡಿ.

“ಮತ್ತೆ ಹಾಗನ್ನಿಸಿದ್ರೆ?”

“ಅನ್ನಿಸಬಹುದು ಅಂತ ಡಾಕ್ಟರೂ ಹೇಳಿದ್ದಾರೆ. ಅನ್ನಿಸಿದ ಕೂಡ್ಲೇ ನಿನ್ನ ಕೂಗ್ತೀನಿ.”

“ನಾನು ಗೊರಕೆ ಹೊಡೀತಿದ್ರೆ?”

“ಜುಟ್ಟು ಹಿಡಿದು ಎಬ್ಬಿಸ್ತೀನಿ.”

“ಹಾಂ, ಹಾಗೆ ಮಾಡು. ಹಾಯಾಗಿರ್ತೀವಂತೆ! ನೀನು ಆಸ್ಪತ್ರೇಲಿದ್ದಾಗ ಅಮ್ಮ ಚಹಾಕ್ಕೆ ಉಪ್ಪು ಹಾಕಿ ಕೊಟ್ಲು. ಇಬ್ಬರೂ ಕುಡಿದ್ವಿ. ಇಬ್ಬರಿಗೂ ಗೊತ್ತಾಗ್ಲಿಲ್ಲ. ಅಷ್ಟು ಹಾಯಾಗಿದ್ವಿ.”

ಆಚೆಯಿಂದ ಕಿಸಕ್ಕೆಂದಿತು.

“ನಗು, ನಗು. ನಾನು ಒಬ್ಬರ ಬಾಯಿಗೆ ಹಲ್ಲಿನ ಅಚ್ಚು ತೆಗೆಯೋ ಪೇಸ್ಟು ತುಂಬಿಸಿ, ಮರೆತು ಊಟಕ್ಕೆ ಹೊರಟುಬಿಟ್ಟೆ. ಆ ಮನುಷ್ಯ ‘ಉಂ ಉಂ’ ಅಂತ ಕೈ ಆಡಿಸ್ಕೊಂಡು ರಸ್ತೆವರೆಗೂ ಓಡಿ ಬಂದ್ರು!”

ತಮ್ಮ ನಕ್ಕ ರಭಸಕ್ಕೆ ಬೀರಿನ ಬಾಗಿಲುಗಳು ಗಡಗಡ ಅಲುಗಿದವು. ಅದನ್ನು ಕಂಡು ಅಕ್ಕನೂ ಶುರುಮಾಡಿದಳು. ಅವಳು ನಿಲ್ಲಿಸಿದರೆ ಅವನು ‘ಉಂ ಉಂ’ ಎನ್ನುತ್ತಿದ್ದ, ಮತ್ತೆ ಮೊದಲಿನಿಂದ.

ಅಮ್ಮ ಬಚ್ಚಲಿನಿಂದ ಓಡಿ ಬಂದಳು. ಕೈ ತುಂಬ ಸೋಪಿನ ನೊರೆ, ಮುಖದಲ್ಲಿ ರಕ್ತವಿಲ್ಲ.

“ಏನಾಯ್ತೇ? ಯಾಕೆ ಅಳ್ತಿದ್ದೀರ?”

“ಅಳ್ತಿಲ್ಲ ಕಣಮ್ಮ, ನಗ್ತಿದ್ದೀವಿ!”

ಅಮ್ಮ ನಂಬಲಿಲ್ಲ. ಕೆಳಗಿನ ಮೆಟ್ಟಿಲ ಮೇಲೆ ಕುಸಿದು ಕೂತು, ನೊರೆಗೈಗಳನ್ನು ಗಾಳಿಯಲ್ಲೇ ಹಿಡಿದು, ಕತ್ತು ಓರೆ ಮಾಡಿ ಆಲಿಸಿದಳು. ನಗುವೇ ಎಂದು ಖಾತ್ರಿಯಾದ ಮೇಲೂ ಅಲ್ಲಿಂದ ಏಳಲಿಲ್ಲ.